ಜೆಪಿಜಿ ಬೇಕಂತೆ

ಅಕ್ಕನ ಮಗಳು ಅರ್ಜಿಗೆ ಹಾಕಬೇಕಾದ ಭಾವಚಿತ್ರವನ್ನು ಐಫೋನ್‌ನಿಂದ ಕಳುಹಿಸಿ, “ಆನ್‌ಲೈನ್‌ನಲ್ಲಿ ಎಲ್ಲಾದರೂ ಜೆಪಿಜಿ ಮಾಡಿಕೊಡಿ ಮಾಮ” ಎಂದಳು. ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ ಇನ್ನೊಮ್ಮೆ ತೆಗೆಯಲು ಹೇಳಿದೆ, ಚಿತ್ರ ಜೆಪಿಜಿಯಾಗಿಯೇ ಬಂತು, ಕೆಲಸ ಮುಗಿಯಿತು.

2017ರಲ್ಲಿ ಐಒಎಸ್ 11 ಬಂದಾಗಿನಿಂದ ಐಫೋನ್ ಜಾಗ ಉಳಿಸಲೆಂದು ಚಿತ್ರಗಳಿಗೆ ಹೆಚ್‌ಇಐಸಿ ಎಂಬ ಕಡತ ಸ್ವರೂಪವನ್ನು ಬಳಸುತ್ತಿದೆ. ಅರ್ಜಿಗಳು ಮಾತ್ರ ಇನ್ನೂ 1992ರ ಜೆಪೆಗ್, ಅಂದರೆ ಜೆಪಿಜಿಯನ್ನೇ ಕೇಳುತ್ತವೆ. (ಕಡತದ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದು ತಿದ್ದಿದರೆ ಒಳಗಿನದೇನೂ ಬದಲಾಗುವುದಿಲ್ಲ.)

ಪರಿವರ್ತಿಸಿಕೊಡುವ ತಾಣಗಳು ಉಪಯುಕ್ತವೇ ಹೌದು. ಆದರೆ ಅವುಗಳಲ್ಲಿ ಅನೇಕವು ಚಿತ್ರವನ್ನು ತಮ್ಮ ಸರ್ವರ್‌ಗೆ ತರಿಸಿಕೊಂಡೇ ಕೆಲಸ ಮಾಡುತ್ತವೆ. ಕ್ಯಾಮೆರಾಕ್ಕೆ ಸ್ಥಳದ ಅನುಮತಿ ಕೊಟ್ಟಿದ್ದರೆ, ಚಿತ್ರ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳೂ ಎಕ್ಸಿಫ್ ಮಾಹಿತಿಯಾಗಿ (ಚಿತ್ರದ ಕಡತದೊಳಗೇ ಸೇರಿರುವ ವಿವರ) ಅದರೊಡನೆ ಹೋಗಬಹುದು. ಬ್ರೌಸರ್‌ನೊಳಗೇ ಪರಿವರ್ತಿಸುವ ತಾಣಗಳೂ ಇವೆ. ಪುಟ ತೆರೆದ ಮೇಲೆ ಇಂಟರ್‌ನೆಟ್ ಆಫ್ ಮಾಡಿ ನೋಡಬೇಕು. ಆಗಲೂ ಪರಿವರ್ತನೆ ನಡೆದರೆ ಆ ಕೆಲಸಕ್ಕೆ ಸರ್ವರ್ ಬೇಕಾಗಿಲ್ಲ ಎಂದರ್ಥ. ಹೂವಿನ ಚಿತ್ರಕ್ಕೆ ಇಷ್ಟೆಲ್ಲ ಬೇಡ. ಆಧಾರ್ ಕಾರ್ಡಿನ ಚಿತ್ರವನ್ನು ಮಾತ್ರ ಗುರುತಿಲ್ಲದ ತಾಣಕ್ಕೆ ನಾನಂತೂ ಹಾಕಲಾರೆ.