ಮೊಣಕಾಲು ಸವೆಸಿದ ಕಲ್ಲು

ಡಿಸೆಂಬರ್ 29 ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಅವರ ಪುಣ್ಯದಿನ. 1170ರಲ್ಲಿ ಅದೇ ದಿನ, ಸಂಜೆಯ ಪ್ರಾರ್ಥನೆಯ ಹೊತ್ತಿಗೆ, ಇಂಗ್ಲೆಂಡಿನ ಕ್ಯಾಂಟರ್‌ಬರಿ ಕೆಥೆಡ್ರಲ್ಲಿನ ಒಳಗೇ ಎರಡನೆಯ ಹೆನ್ರಿ ರಾಜನ ನಾಲ್ವರು ಯೋಧರು ಅವರನ್ನು ಕತ್ತಿಯಿಂದ ಕಡಿದರು. ನಮ್ಮ ಪಂಚಾಂಗದ ಪ್ರಕಾರ ಈಗ ಆ ದಿನ ಧನುರ್ಮಾಸದ ನಡುವೆ ಬೀಳುತ್ತದೆ. ಈ ಸಲದ ಧನುರ್ಮಾಸ ಮಗಳ ಮನೆಯಲ್ಲಿ, ಆ ದೇಶದಲ್ಲೇ ಕಳೆಯಬೇಕಾಗಿ ಬಂದದ್ದರಿಂದ ಆ ಪುಣ್ಯದಿನವೇ ಆ ಕ್ಷೇತ್ರವನ್ನು ನೋಡುವ ಯೋಗ ನನಗೆ ಒದಗಿತು. ಕ್ಷೇತ್ರ ಎಂದೇ ಬರೆಯುತ್ತೇನೆ. ಅಷ್ಟು ಶತಮಾನಗಳ ಕಾಲ ಅಷ್ಟು ಜನ ಹರಕೆ ಹೊತ್ತು ಕಾಲ್ನಡಿಗೆಯಲ್ಲಿ ಬಂದ ಊರನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಧನುರ್ಮಾಸದ ಪೂಜೆ ಆಕಾಶದಲ್ಲಿ ನಕ್ಷತ್ರಗಳು ಇರುವಾಗಲೇ ಮುಗಿಯಬೇಕು ಎಂಬುದು ನಿಯಮ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಎಂಟು ಗಂಟೆಯ ಸುಮಾರಿಗೆ ಹುಟ್ಟುವ ಆ ನಾಡಿನಲ್ಲಿ ಈ ನಿಯಮವನ್ನು ಪಾಲಿಸುವುದಕ್ಕೆ ದೇವರೇ ಅನುಕೂಲ ಮಾಡಿಕೊಟ್ಟಂತಿದೆ. ಸ್ನಾನ ಮುಗಿಸಿ, ಹೆಸರುಬೇಳೆಯ ಹುಗ್ಗಿಯನ್ನು ನೈವೇದ್ಯ ಮಾಡಿ, ಮಂಗಳಾರತಿ ಎತ್ತಿದಾಗಲೂ ಕಿಟಕಿಯ ಹೊರಗೆ ಕಗ್ಗತ್ತಲು, ಹುಲ್ಲಿನ ಮೇಲೆ ಬಿಳಿಯ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಪ್ರಸಾದ ತೆಗೆದುಕೊಂಡು ನಾನು, ಮಗಳು, ಮೊಮ್ಮಗ ಹೊರಟೆವು.

ಊರು ಬಹಳ ಹಳೆಯದು. 597ರಲ್ಲಿ ಪೋಪ್ ಗ್ರೆಗೊರಿ ರೋಮಿನಿಂದ ಕಳಿಸಿದ ಸಂತ ಅಗಸ್ಟೀನ್ ಬಂದು ನೆಲೆಸಿದ್ದು ಇಲ್ಲಿಯೇ. ಅವರು ಬರುವ ಮೊದಲೇ ಇಲ್ಲಿನ ರಾಣಿ ಬರ್ತಾ ಪ್ರಾರ್ಥಿಸುತ್ತಿದ್ದ ಸೇಂಟ್ ಮಾರ್ಟಿನ್ ಚರ್ಚಿನಲ್ಲಿ ಇಂದಿಗೂ ಆರಾಧನೆ ನಡೆಯುತ್ತಿದೆ. ಸ್ಟೌರ್ ನದಿಯ ಮೇಲಿನ ಸೇತುವೆಯ ಪಕ್ಕದಲ್ಲಿ, ಬಡ ಯಾತ್ರಿಕರು ರಾತ್ರಿ ತಂಗಲೆಂದು 12ನೆಯ ಶತಮಾನದಲ್ಲಿ ಕಟ್ಟಿಸಿದ ಛತ್ರವೊಂದಿದೆ. ಈಸ್ಟ್‌ಬ್ರಿಜ್ ಎಂದು ಅದರ ಹೆಸರು. ಅದನ್ನು ಕಂಡಾಗ ಮನಸ್ಸಿಗೆ ಬಹಳ ಹಿತವಾಯಿತು. ದೇವರ ಊರಿಗೆ ಬರುವವನಿಗೆ ಮೊದಲು ಒಂದು ಚಾಪೆಯ ಜಾಗ, ಆಮೇಲೆ ದರ್ಶನ ಎಂಬ ಧರ್ಮ ಎಲ್ಲ ನಾಡಿನ ಹಿರಿಯರಿಗೂ ತಿಳಿದಿತ್ತು.

ಬೆಕೆಟ್ ಅವರ ಕಥೆ ನಮ್ಮವರಿಗೆ ಅಷ್ಟು ಪರಿಚಿತವಲ್ಲವಾದ್ದರಿಂದ ಎರಡು ಮಾತು ಹೇಳಬೇಕು. ಅವರು ಮೊದಲು ರಾಜನ ಆಪ್ತ ಮಂತ್ರಿ, ವೈಭವದಲ್ಲಿ ಬದುಕಿದವರು. 1162ರಲ್ಲಿ ರಾಜನೇ ಅವರನ್ನು ಆರ್ಚ್‌ಬಿಷಪ್ ಪೀಠಕ್ಕೆ ತಂದ. ಪೀಠವೇರಿದ ಮೇಲೆ ಅವರ ನಿಷ್ಠೆ ರಾಜನಿಂದ ದೇವರ ಕಡೆಗೆ ತಿರುಗಿತು. ಚರ್ಚಿನ ಹಕ್ಕುಗಳನ್ನು ಬಿಟ್ಟುಕೊಡಲು ಅವರು ಒಪ್ಪಲಿಲ್ಲ. ಆರು ವರ್ಷ ಫ್ರಾನ್ಸಿನಲ್ಲಿ ದೇಶಭ್ರಷ್ಟರಾಗಿ ಕಳೆದು, 1170ರ ಡಿಸೆಂಬರಿನಲ್ಲಿ ಮರಳಿದ ಅವರು ಆ ತಿಂಗಳು ಮುಗಿಯುವುದರೊಳಗೆ ಹತರಾದರು. ಯೋಧರು ಆಯುಧ ಹಿಡಿದು ಬರುತ್ತಿರುವುದನ್ನು ಕಂಡು ಸನ್ಯಾಸಿಗಳು ಬಾಗಿಲಿಗೆ ಅಗುಳಿ ಹಾಕಲು ಹೋದರೆ, ಪ್ರಾರ್ಥನೆಯ ಮನೆಯನ್ನು ಕೋಟೆ ಮಾಡಬಾರದೆಂದು ಹೇಳಿ ಅವರೇ ಬಾಗಿಲು ತೆರೆಸಿದರು. ಎಡ್ವರ್ಡ್ ಗ್ರಿಮ್ ಎಂಬಾತ ಒಬ್ಬನೇ ತೋಳು ಅಡ್ಡ ಹಿಡಿದು ನಿಂತ, ಆ ತೋಳಿಗೇ ಕತ್ತಿಯ ಏಟು ತಿಂದ. ಪಾರ್ಥಿವ ಶರೀರದ ಮೇಲಿನ ವಸ್ತ್ರಗಳನ್ನು ತೆಗೆದಾಗ ಒಳಗೆ ಮೈಗೆ ಹತ್ತಿಕೊಂಡಂತೆ ಒರಟು ಕೂದಲಿನ ಅಂಗಿ, ಅದರ ತುಂಬ ಹೇನು. ಪೀಠಾಧಿಪತಿಯ ರೇಷ್ಮೆಯ ಕೆಳಗೆ ಆ ತಪಸ್ಸು ಇದ್ದದ್ದು ಅಲ್ಲಿಯವರೆಗೆ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಇಂಥ ಗುಪ್ತ ವೈರಾಗ್ಯದ ಕಥೆಗಳನ್ನು ನಮ್ಮ ಯತಿಗಳ ಚರಿತ್ರೆಯಲ್ಲಿ ಕೇಳಿ ಬೆಳೆದವಳಾದ ನನಗೆ ಅವರು ಹತರಾದ ಜಾಗದ ಬಳಿ ನಿಂತಾಗ ಪರದೇಶದಲ್ಲಿದ್ದೇನೆ ಎನ್ನಿಸಲಿಲ್ಲ. ಅವರು ಬಿದ್ದ ಜಾಗದಲ್ಲಿ 1982ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಮತ್ತು ಅಂದಿನ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ಒಟ್ಟಿಗೆ ಮಂಡಿಯೂರಿ ಪ್ರಾರ್ಥಿಸಿದರು ಎಂದು ಅಲ್ಲಿ ತಿಳಿಸುತ್ತಾರೆ. ನೂರಾರು ವರ್ಷ ಬೇರೆಯಾಗಿದ್ದ ಎರಡು ಪಂಥಗಳ ಹಿರಿಯರು ಒಂದೇ ನೆಲಕ್ಕೆ ಮಂಡಿ ಊರಿದ್ದು ಸಣ್ಣ ಸಂಗತಿಯಲ್ಲ.

ಆದರೆ ನಾನು ಈ ಬರಹಕ್ಕೆ ಕೂತದ್ದು ಮೆಟ್ಟಿಲುಗಳಿಗಾಗಿ. ಗರ್ಭಗುಡಿಯಂತೆ ಎತ್ತರದಲ್ಲಿರುವ ಟ್ರಿನಿಟಿ ಚಾಪೆಲ್ಲಿಗೆ ಹತ್ತಿಹೋಗುವ ಕಲ್ಲಿನ ಮೆಟ್ಟಿಲುಗಳವು. ಯಾತ್ರಿಕರ ಮೆಟ್ಟಿಲು ಎಂದೇ ಕರೆಯುತ್ತಾರೆ. 1220ರಿಂದ ಸಂತರ ಸಮಾಧಿ ಮಂಟಪ ಮೇಲೆ ಇದ್ದ ಕಾಲದಲ್ಲಿ ಜನ ಇವನ್ನು ಮೊಣಕಾಲಿನಲ್ಲೇ ಹತ್ತುತ್ತಿದ್ದರಂತೆ. ಪ್ರತಿ ಮೆಟ್ಟಿಲೂ ಸವೆದು ತಗ್ಗಾಗಿದೆ. ನಾನು ಪಕ್ಕಕ್ಕೆ ಸರಿದು, ಬೂಟು ಕಳಚಿ, ಬಾಗಿ ಆ ತಗ್ಗಿನಲ್ಲಿ ಅಂಗೈ ಇಟ್ಟೆ. ಅಜ್ಜಿಯ ದೇವರಮನೆಯ ಸಾಣೆಕಲ್ಲು ಗಂಧ ತೇಯ್ದು ತೇಯ್ದು ನಡುವೆ ಕುಳಿಬಿದ್ದು ಹೇಗೆ ನುಣ್ಣಗಾಗಿತ್ತೋ ಹಾಗೇ ಇತ್ತು ಆ ಕಲ್ಲು. ಅಂಚಿನಲ್ಲಿ ಉಳಿಯ ಒರಟು ಇನ್ನೂ ಬೆರಳಿಗೆ ತಾಗುತ್ತದೆ. ಒಳಕ್ಕೆ ಸರಿದಂತೆ ಒರಟು ಕರಗಿ, ನಡುವೆ ಬೆರಳು ತಾನಾಗಿ ಜಾರುತ್ತದೆ. ತಣ್ಣಗಿನ ಕಲ್ಲು. ಆ ತಣ್ಣಗೆ ಅಂಗೈಯಿಂದ ಮಣಿಕಟ್ಟಿಗೆ, ಮೊಣಕೈಗೆ ಏರಿತು, ನಾನು ಕೈ ತೆಗೆಯಲಿಲ್ಲ. ಯಾವ ಶಿಲ್ಪಿಯೂ ಕೆತ್ತದ ತಗ್ಗು ಅದು. ಕುಂಟರು, ಜ್ವರದವರು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು, ಸಾಲಗಾರರು, ಪಾಪ ಮಾಡಿ ಬಂದವರು, ಒಬ್ಬೊಬ್ಬರೂ ಕಲ್ಲಿನ ಒಂದೊಂದು ಕಣವನ್ನು ತಮ್ಮ ಮೊಣಕಾಲಿಗೆ ಹತ್ತಿಸಿಕೊಂಡು ಹೋಗಿ ಆದ ತಗ್ಗು.

ನಮ್ಮ ಅಜ್ಜಿ ರಾಯರ ಪರಮ ಭಕ್ತೆ. ನನ್ನ ತಂದೆ ಹುಡುಗನಾಗಿದ್ದಾಗ ವಿಷಮಶೀತ ಜ್ವರದಲ್ಲಿ ನೆನಪು ತಪ್ಪಿ ಮಲಗಿದ್ದರಂತೆ. ಮಗ ಎದ್ದು ಕೂತರೆ ಬದುಕಿರುವವರೆಗೂ ವರ್ಷಕ್ಕೊಮ್ಮೆ ಮಂತ್ರಾಲಯದಲ್ಲಿ ಹೆಜ್ಜೆ ನಮಸ್ಕಾರ ಸಲ್ಲಿಸುತ್ತೇನೆಂದು ಅಜ್ಜಿ ಹರಕೆ ಹೊತ್ತರು. ತುಂಗಭದ್ರೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ, ಹೆಜ್ಜೆ ಹೆಜ್ಜೆಗೂ ಮೊಣಕಾಲೂರಿ, ಹಣೆಯನ್ನು ನೆಲಕ್ಕೆ ತಾಗಿಸಿ, ಎದ್ದು, ಮತ್ತೊಂದು ಹೆಜ್ಜೆ ಇಟ್ಟು, ಮತ್ತೆ ಮೊಣಕಾಲೂರಿ ಅವರು ಬೃಂದಾವನಕ್ಕೆ ಪ್ರದಕ್ಷಿಣೆ ಬರುತ್ತಿದ್ದುದನ್ನು ನಾನು ಕಣ್ಣಾರೆ ಕಂಡವಳು. ತುಟಿಯ ಮೇಲೆ ‘ಪೂಜ್ಯಾಯ ರಾಘವೇಂದ್ರಾಯ’ ನಿಲ್ಲುತ್ತಿರಲಿಲ್ಲ. ವಯಸ್ಸಾದ ಮೇಲೆ ಏಳುವಾಗ ನೆಲಕ್ಕೆ ಎರಡೂ ಕೈ ಊರಬೇಕಾಗುತ್ತಿತ್ತು. ಹಿಡಿದೆತ್ತಲು ಹೋದರೆ ತಲೆಯಾಡಿಸಿ ಬೇಡವೆನ್ನುತ್ತಿದ್ದರು. ರಾತ್ರಿ ಅವರ ಕಾಲಿಗೆ ಎಣ್ಣೆ ತಿಕ್ಕುವ ಕೆಲಸ ನನ್ನದು. ಎರಡು ಮೊಣಕಾಲಿನ ಮೇಲೂ ರೂಪಾಯಿಯಗಲದ ಕಪ್ಪು ಗಟ್ಟಿಚರ್ಮ ಇತ್ತು, ಎಣ್ಣೆ ಹೀರುತ್ತಿರಲಿಲ್ಲ. ಅವರು ಹೋದ ದಿನ ಮೀಯಿಸುವಾಗಲೂ ಆ ಎರಡು ಗುರುತು ಹಾಗೆಯೇ ಇದ್ದವು. ಕ್ಯಾಂಟರ್‌ಬರಿಯ ಕಲ್ಲಿನಲ್ಲಿ ನನ್ನ ಕೈಗೆ ಸಿಕ್ಕಿದ್ದು ಆ ಗುರುತಿನ ಇನ್ನೊಂದು ಅರ್ಧ. ಮೊಣಕಾಲು ಕಲ್ಲನ್ನು ಸವೆಸುತ್ತದೆ, ಕಲ್ಲು ಮೊಣಕಾಲನ್ನು ಗಟ್ಟಿ ಮಾಡುತ್ತದೆ. ಹಣೆ ಹಚ್ಚಿ ನಮಸ್ಕರಿಸಿ, ಉಣ್ಣೆಯ ಕಾಲುಚೀಲದಲ್ಲೇ ಮೆಟ್ಟಿಲು ಹತ್ತಿದೆ. ಅಲ್ಲಿ ಯಾರೂ ಪಾದರಕ್ಷೆ ಬಿಡುವುದಿಲ್ಲ. ಆದರೆ ಬೆಕೆಟ್ ಅವರನ್ನು ಕೊಲ್ಲಿಸಿದ ಅಪವಾದ ಹೊತ್ತ ಹೆನ್ರಿ ರಾಜನೇ 1174ರಲ್ಲಿ ಈ ಊರಿಗೆ ಬರಿಗಾಲಿನಲ್ಲಿ ನಡೆದು ಬಂದು, ಆಗ ನೆಲಮಾಳಿಗೆಯಲ್ಲಿದ್ದ ಗೋರಿಯ ಮುಂದೆ ಬಿದ್ದು, ಸನ್ಯಾಸಿಗಳಿಂದ ಛಡಿಯೇಟು ತಿಂದು, ರಾತ್ರಿಯೆಲ್ಲ ಅಲ್ಲಿಯೇ ಕಳೆದಿದ್ದ. ಚಕ್ರವರ್ತಿಗೆ ಸಲ್ಲುವ ನಿಯಮ ನನಗೂ ಸಲ್ಲುತ್ತದೆ.

ಮೇಲೆ ಹೋದರೆ ಏನೂ ಇಲ್ಲ. 1538ರಲ್ಲಿ ಎಂಟನೆಯ ಹೆನ್ರಿ ಸಮಾಧಿ ಮಂಟಪವನ್ನು ಕೆಡವಿಸಿ, ಚಿನ್ನ ರತ್ನಗಳನ್ನು ತನ್ನ ಬೊಕ್ಕಸಕ್ಕೆ ಸಾಗಿಸಿದ. ಪ್ರಾರ್ಥನಾ ಪುಸ್ತಕಗಳಿಂದ ಸಂತರ ಹೆಸರನ್ನೂ ಅಳಿಸಲು ಆಜ್ಞೆ ಹೊರಡಿಸಿದ. ಮಂಟಪ ಇದ್ದ ಜಾಗ ಇಂದಿಗೂ ಖಾಲಿ. ಬರಿಯ ನೆಲದ ಮೇಲೆ ಒಂದು ಮೇಣದಬತ್ತಿ ಉರಿಯುತ್ತದೆ, ಅಷ್ಟೇ. ಸುತ್ತಲ ನೆಲಗಲ್ಲೂ ಮೊಣಕಾಲಿಗೆ ಸವೆದಿದೆ. ಮೂರ್ತಿಯಿಲ್ಲ, ಗೋರಿಯಿಲ್ಲ, ಅಸ್ಥಿಯಿಲ್ಲ, ಆದರೂ ಸನ್ನಿಧಾನವಿದೆ ಎಂದು ನನ್ನ ಮೈ ಹೇಳಿತು. ರಾಜನ ಆಳುಗಳು ರತ್ನ ಕಿತ್ತರು, ಕಲ್ಲಿನ ತಗ್ಗನ್ನು ಕಿತ್ತೊಯ್ಯಲು ಅವರಿಂದಾಗಲಿಲ್ಲ. ಭಕ್ತನು ದೇವರಿಗೆ ಕೊಟ್ಟ ವಸ್ತು ಕಳವಾಗುತ್ತದೆ. ಅವನು ಮಾಡಿದ ನಮಸ್ಕಾರವನ್ನು ಕದಿಯುವುದು ಹೇಗೆ?

ಆ ಖಾಲಿ ಜಾಗದ ಸುತ್ತ ಎತ್ತರದ ಕಿಟಕಿಗಳಲ್ಲಿ ಸಂತರ ಪವಾಡಗಳನ್ನು ಬಣ್ಣದ ಗಾಜಿನಲ್ಲಿ ಬಿಡಿಸಿದ್ದಾರೆ. ಎಂಟುನೂರು ವರ್ಷಗಳ ಹಿಂದಿನ ಗಾಜು. ಚಳಿಗಾಲದ ಸೂರ್ಯ ಅಲ್ಲಿ ತಲೆಯೆತ್ತುವುದೇ ಇಲ್ಲ. ಓರೆಯಾಗಿ ಬಂದ ಬೆಳಕಿಗೆ ನೀಲಿಯೂ ಕೆಂಪೂ ಕಂಬಗಳ ಮೇಲೆ ಬಿದ್ದಿದ್ದವು. ಅದರಲ್ಲಿ ಜೋರ್ಡನ್ ಫಿಟ್ಸ್-ಐಸಲ್ಫ್ ಎಂಬ ಗೃಹಸ್ಥನ ಮನೆಯ ಕಥೆಯನ್ನು ಮಗಳು ಒಂದೊಂದೇ ಚಿತ್ರ ತೋರಿಸಿ ಹೇಳಿದಳು. ಮನೆಗೆ ಮಾರಿ ಹೊಕ್ಕು ಮೊದಲು ದಾದಿ ತೀರಿಕೊಳ್ಳುತ್ತಾಳೆ, ಆಮೇಲೆ ಹತ್ತು ವರ್ಷದ ಮಗ. ಯಾತ್ರಿಕರು ತಂದಿದ್ದ ಸಂತರ ತೀರ್ಥವನ್ನು ಬಾಯಿಗೆ ಬಿಟ್ಟಾಗ ಹುಡುಗ ಕಣ್ಣು ತೆರೆಯುತ್ತಾನೆ. ಇಂಥ ದಿನದೊಳಗೆ ಕ್ಯಾಂಟರ್‌ಬರಿಗೆ ಬಂದು ಕಾಣಿಕೆ ಸಲ್ಲಿಸುತ್ತೇವೆಂದು ತಂದೆತಾಯಿ ಹರಕೆ ಹೊರುತ್ತಾರೆ; ದಿನ ಬರುತ್ತದೆ, ಹೋಗುತ್ತದೆ, ಅವರು ಹೊರಡುವುದಿಲ್ಲ. ಸಂತರು ಒಬ್ಬ ಕುಷ್ಠರೋಗಿಗೆ ಕಾಣಿಸಿಕೊಂಡು ಎಚ್ಚರಿಕೆ ಹೇಳಿಕಳಿಸುತ್ತಾರೆ, ಆಗಲೂ ತಡ. ಮತ್ತೊಬ್ಬ ಮಗ ಹೋಗುತ್ತಾನೆ, ಮನೆಮಂದಿಯೆಲ್ಲ ಹಾಸಿಗೆ ಹಿಡಿಯುತ್ತಾರೆ. ಕೊನೆಗೆ ಕಾಯಿಲೆಯ ಮೈಯಲ್ಲೇ ಎದ್ದು ನಡೆದು ಬಂದು ಸಮಾಧಿಯ ಮುಂದೆ ಹಣ ಸುರಿಯುತ್ತಾರೆ. ಕೇಳುತ್ತಾ ಕೇಳುತ್ತಾ ಸತ್ಯನಾರಾಯಣ ಕಥೆಯ ಸಾಧು ವೈಶ್ಯನೇ ನನ್ನ ಕಣ್ಣ ಮುಂದೆ ನಿಂತ. ಮಗುವಾದ ಮೇಲೆ ಎಂದವನು, ಮಗಳ ಮದುವೆಯ ಹೊತ್ತಿಗೆ ಎಂದು ಮುಂದೂಡಿದವನು, ಹಡಗಿನ ಸರಕೆಲ್ಲ ಎಲೆಬಳ್ಳಿಯಾದಾಗ ಅತ್ತವನು. ಆ ತೀರ್ಥವೂ ನಮಗೆ ಹೊಸದಲ್ಲ. ಸಂತರ ರಕ್ತದ ಅಂಶ ಬೆರೆಸಿದ ನೀರನ್ನು ಸಣ್ಣ ಕುಪ್ಪಿಗಳಲ್ಲಿ ತುಂಬಿ ಕುತ್ತಿಗೆಗೆ ಕಟ್ಟಿಕೊಂಡು ಯಾತ್ರಿಕರು ಊರಿಗೆ ಒಯ್ಯುತ್ತಿದ್ದರು. ಅಜ್ಜಿ ರಾಯರ ಮೃತ್ತಿಕೆಯನ್ನು ಸೀರೆಯ ಸೆರಗಿನ ಗಂಟಿನಲ್ಲಿ ತರುತ್ತಿದ್ದರು.

ಇದನ್ನು ಬರೆಯುವಾಗ ಮನಸ್ಸಿಗೆ ನೋವಾಗುವ ಒಂದು ಮಾತನ್ನು ಹೇಳದೆ ಇರಲಾರೆ. ಈಗ ನಮ್ಮಲ್ಲಿ ಹರಕೆ ಎಂದರೆ ಫೋನಿನಲ್ಲಿ ಹಣ ಕಳಿಸುವುದು, ಪ್ರಸಾದ ಅಂಚೆಯಲ್ಲಿ ಬರುವುದು ಎಂದಾಗಿದೆ. ನಡೆಯಲಾಗದ ಮುದುಕರು, ರೋಗಿಗಳು ಹಾಗೆ ಮಾಡಿದರೆ ದೇವರು ಖಂಡಿತ ಒಪ್ಪುತ್ತಾನೆ. ಆದರೆ ಕಾಲು ಗಟ್ಟಿಯಿರುವವರು, ರಜೆ ಸಿಕ್ಕರೆ ಬೆಟ್ಟ ಹತ್ತಲು ಹೋಗುವವರು ಕೂಡ ದೇವರ ಮುಂದೆ ಮಾತ್ರ ಮೊಣಕಾಲು ಮಡಿಸಲು ಹಿಂಜರಿದರೆ ಹೇಗೆ? ಗರ್ಭಗುಡಿಯ ಎದುರು ಎರಡು ನಿಮಿಷ ಸಿಕ್ಕರೆ ಅದರಲ್ಲಿ ಒಂದು ನಿಮಿಷ ಫೋನು ಎತ್ತಿ ಹಿಡಿಯುವುದಕ್ಕೇ ಹೋಗುತ್ತದೆ. ಹರಕೆ ಹೊತ್ತದ್ದು ದೇಹ, ಸಂಕಟ ಪಟ್ಟದ್ದು ದೇಹ, ನೆಗೆದು ಎದ್ದದ್ದು ದೇಹ. ಸಲ್ಲಿಸುವಾಗ ಮಾತ್ರ ದೇಹವನ್ನು ಮನೆಯಲ್ಲಿ ಬಿಟ್ಟರೆ ಆ ಋಣ ಪೂರ್ತಿ ತೀರಿತೆಂದು ನನ್ನ ಮನಸ್ಸು ಒಪ್ಪುವುದಿಲ್ಲ.

ಸಂಜೆಯ ಪ್ರಾರ್ಥನೆಯ ವೇಳೆಗೆ ಹೊರಗೆ ಕತ್ತಲಾಗಿತ್ತು. ಗಾಯಕವೃಂದ ಹಾಡಿತು, ಆ ದಿನದ ಸಂತರನ್ನು ಸ್ಮರಿಸಿದರು, ರೋಗಿಗಳಿಗಾಗಿ ಬೇಡಿಕೊಂಡರು. ಅವರೆಲ್ಲ ಮಂಡಿಯೂರಿದಾಗ ನಾನೂ ಮಂಡಿಯೂರಿ ರಾಯರನ್ನು ನೆನೆದೆ. ಪಕ್ಕದಲ್ಲಿ ಮೊಮ್ಮಗ ಕೂತಿದ್ದ. ಕಳೆದ ಆಷಾಢದಲ್ಲಿ ಅವನು ಆಸ್ಪತ್ರೆಯಲ್ಲಿದ್ದಾಗ, ಮಗು ಹುಷಾರಾಗಿ ಮನೆಗೆ ಬಂದರೆ ಮಂತ್ರಾಲಯದಲ್ಲಿ ಹೆಜ್ಜೆ ನಮಸ್ಕಾರ ಮಾಡುತ್ತೇನೆಂದು ಮಗಳು ಹರಕೆ ಹೊತ್ತಿದ್ದಳು. ಕೆಲಸ ಬಿಟ್ಟು ಅಷ್ಟು ದೂರ ಬರುವುದು ಕಷ್ಟ, ಸೇವೆಗೆ ಹಣ ಕಟ್ಟಿದರಾಯಿತು ಎಂಬ ಮಾತೂ ಮನೆಯಲ್ಲಿ ನಡೆದಿತ್ತು. ಹಿಂದಿರುಗುವ ರೈಲಿನಲ್ಲಿ ಅವಳೇ ಕೇಳಿದಳು, “ಅಮ್ಮ, ಫಾಲ್ಗುಣದಲ್ಲಿ ರಾಯರ ವರ್ಧಂತಿ ಯಾವತ್ತು ಬರುತ್ತೆ?” ಶುದ್ಧ ಸಪ್ತಮಿ ಎಂದೆ. ಪಂಚಾಂಗ ನೋಡಿ ತಾರೀಖು ಗೊತ್ತುಮಾಡಿ, ಮೂವರಿಗೂ ಟಿಕೆಟ್ ತೆಗೆದಾಗಿದೆ.