ಗ್ರಹಣದ ಬೆಳಿಗ್ಗೆ ಓದಿದ ಅಸಿಮೋವ್

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ಪೂರ್ಣ ಬಳೆಯನ್ನು ನೋಡಲು ಹಲವರು ಕೊಡಗಿನ ಕುಟ್ಟದ ಕಡೆಗೆ ಹೊರಟಿದ್ದರು. ಮೈಸೂರಿನಲ್ಲಿ ಕಾಣುವುದು ಪಾರ್ಶ್ವಗ್ರಹಣವಾದರೂ ಸೂರ್ಯನ ಬಹುಪಾಲು ಮರೆಯಾಗಲಿದ್ದುದರಿಂದ ನಾನು ಸರಸ್ವತೀಪುರಂನ ಮನೆಯಲ್ಲಿಯೇ ಉಳಿದೆ. ಆ ಹೊತ್ತಿನಲ್ಲಿ ಮತ್ತೊಮ್ಮೆ ಓದಬೇಕೆಂದು ಅಮೆರಿಕದ ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಅವರ ‘ನೈಟ್‌ಫಾಲ್’ ಕಥೆಯನ್ನು ಹಿಂದಿನ ದಿನವೇ ತೆಗೆದಿಟ್ಟುಕೊಂಡಿದ್ದೆ.

ಈ ಕಥೆ ಅಮೆರಿಕದ ಪತ್ರಿಕೆಯೊಂದರಲ್ಲಿ 1941ರ ಸೆಪ್ಟೆಂಬರಿನಲ್ಲಿ ಪ್ರಕಟವಾದಾಗ ಅಸಿಮೋವ್ ಅವರಿಗೆ 21 ವರ್ಷ. ನಕ್ಷತ್ರಗಳು ಸಾವಿರ ವರ್ಷಕ್ಕೊಮ್ಮೆ ಮಾತ್ರ ಕಾಣಿಸಿದರೆ ಜನ ಎಷ್ಟು ಭಕ್ತಿಯಿಂದ ಅವನ್ನು ನೆನೆಯುತ್ತಿದ್ದರು ಎಂಬ ಚಿಂತಕ ಎಮರ್ಸನ್ನರ ಮಾತನ್ನು ಸಂಪಾದಕ ಜಾನ್ ಕ್ಯಾಂಪ್‌ಬೆಲ್ ತೋರಿಸಿ, ಭಕ್ತಿಯಲ್ಲ, ಹುಚ್ಚು ಹಿಡಿಯುತ್ತದೆ ಎಂದು ವಾದಿಸಿದರಂತೆ. ಅದರಿಂದ ಹುಟ್ಟಿದ್ದು ಆರು ಸೂರ್ಯರಿರುವ, ರಾತ್ರಿಯನ್ನೇ ಕಾಣದ ಲಗಾಶ್ ಗ್ರಹ. ಅಲ್ಲಿ 2049 ವರ್ಷಗಳಿಗೊಮ್ಮೆ, ಆಕಾಶದಲ್ಲಿ ಒಂದೇ ಸೂರ್ಯ ಉಳಿದಿರುವಾಗ, ಅದಕ್ಕೂ ಗ್ರಹಣ ಹಿಡಿಯುತ್ತದೆ. ಕತ್ತಲೆಗೆ ಹೆದರಿದ ಜನ ಬೆಳಕಿಗಾಗಿ ಕೈಗೆ ಸಿಕ್ಕಿದ್ದಕ್ಕೆಲ್ಲ ಬೆಂಕಿ ಹಚ್ಚುತ್ತಾರೆ, ನಾಗರಿಕತೆ ಬೂದಿಯಾಗುತ್ತದೆ.

ನಮ್ಮ ಮನೆಯಲ್ಲಿ ಅಮ್ಮ ಹಿಂದಿನ ರಾತ್ರಿಯೇ ಮೊಸರಿಗೂ ಉಪ್ಪಿನಕಾಯಿಯ ಭರಣಿಗೂ ದರ್ಭೆ ಹಾಕಿಟ್ಟಿದ್ದರು. ಸ್ಪರ್ಶ, ಮಧ್ಯ, ಮೋಕ್ಷದ ವೇಳೆಗಳನ್ನು ಪಂಚಾಂಗ ನೋಡಿ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡಿದ್ದರು. ಬೀದಿಯಲ್ಲಿ ತರಕಾರಿ ಗಾಡಿಯ ಸದ್ದೂ ಇರಲಿಲ್ಲ. ನಾನು ಬೂಂದಿ ಜಾಲರಿಯನ್ನು ತೆಗೆದುಕೊಂಡು ತಾರಸಿಗೆ ಹೋದೆ. ಮೋಡ ಸರಿದಾಗಲೆಲ್ಲ ಅದರ ಒಂದೊಂದು ತೂತಿನಿಂದಲೂ ಒಂದೊಂದು ಪುಟ್ಟ ಸೂರ್ಯ ಸಿಮೆಂಟಿನ ನೆಲದ ಮೇಲೆ ಇಳಿಯುತ್ತಿತ್ತು. ಒಂಬತ್ತೂವರೆಯ ಹೊತ್ತಿಗೆ ಅವೆಲ್ಲ ಕುಡುಗೋಲಿನಂತೆ ಬಾಗಿದ್ದವು. ಬಿಸಿಲಿಗೆ ಹೊಳಪಿರಲಿಲ್ಲ, ನೆರಳಿನ ಅಂಚು ಮಾತ್ರ ಹರಿತವಾಗಿತ್ತು.

ಕಥೆಯಲ್ಲಿಯೂ ಇಂಥದೊಂದು ತೂತಿನ ಪ್ರಯೋಗವಿದೆ. ಇಬ್ಬರು ತರುಣ ವಿಜ್ಞಾನಿಗಳು ಕೋಣೆಯೊಂದಕ್ಕೆ ಕಪ್ಪು ಮಖಮಲ್ಲು ಹೊದಿಸಿ, ಚಾವಣಿಯಲ್ಲಿ ರಂಧ್ರ ಕೊರೆದು, ನಕ್ಷತ್ರ ಕಂಡರೆ ಏನಾಗುತ್ತದೆಂದು ತಮ್ಮ ಮೇಲೆಯೇ ಪರೀಕ್ಷೆ ಮಾಡಿಕೊಳ್ಳುತ್ತಾರೆ. ಏನೂ ಆಗುವುದಿಲ್ಲ. ಕಡೆಗೆ ನಿಜವಾದ ನಕ್ಷತ್ರಗಳು ಸಾವಿರಾರು ಸಂಖ್ಯೆಯಲ್ಲಿ ಹೊಳೆದಾಗ, ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿದ್ದ ಹಿರಿಯ ಖಗೋಳಶಾಸ್ತ್ರಜ್ಞ ಏಟನ್ನನೇ ಮಗುವಿನಂತೆ ಅಳುತ್ತಾನೆ. ಹಿಂದಿನ ಓದುಗಳಲ್ಲಿ ನಾನು ಇದನ್ನು ವಿಜ್ಞಾನಕ್ಕೂ ಮೂಢನಂಬಿಕೆಗೂ ನಡೆಯುವ ಜಗಳದ ಕಥೆಯೆಂದು ಓದಿದ್ದೆ. ಆದರೆ ಏಟನ್ ತನ್ನ ಲೆಕ್ಕಕ್ಕೆ ಬೇಕಾದ ಮಾಹಿತಿಯನ್ನು ಪಡೆದದ್ದು ಪ್ರಳಯವನ್ನು ಸಾರುವ ಪಂಥದವರಿಂದಲೇ ಎಂಬ ಸಂಗತಿ, ಅಮ್ಮನ ಕ್ಯಾಲೆಂಡರಿನ ಅಂಚನ್ನು ನೋಡಿಬಂದ ಆ ಬೆಳಿಗ್ಗೆ, ಬೇರೆಯದೇ ತೂಕ ಪಡೆಯಿತು. ಗ್ರಹಣದ ವೇಳೆಯ ವಿಷಯದಲ್ಲಿ ನಮಗಿಬ್ಬರಿಗೂ ತಕರಾರಿರಲಿಲ್ಲ; ಆ ವೇಳೆಯಲ್ಲಿ ಬಾಗಿಲು ತೆರೆಯಬೇಕೋ ಮುಚ್ಚಬೇಕೋ ಎಂಬುದಷ್ಟೇ ಪ್ರಶ್ನೆಯಾಗಿತ್ತು.

ಕಥೆಯಾಗಿ ಇದು ನಿರ್ದೋಷವಲ್ಲ. ಪಾತ್ರಗಳು ಬದುಕುವುದಕ್ಕಿಂತ ವಿವರಣೆ ಕೊಡುವುದೇ ಹೆಚ್ಚು. ಹೆಣ್ಣಿನ ದನಿ ಕೇಳಿಸುವುದೇ ಇಲ್ಲ. ಆದರೂ 1960ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನ ಕಥೆಗಾರರ ಸಂಘದವರು ಹಳೆಯ ಸಣ್ಣಕಥೆಗಳಲ್ಲಿ ಇದಕ್ಕೇ ಅಗ್ರಸ್ಥಾನ ಕೊಟ್ಟರು. ಮುಂದೆ ಮತ್ತೊಬ್ಬ ವಿಜ್ಞಾನ ಕಥೆಗಾರ ರಾಬರ್ಟ್ ಸಿಲ್ವರ್‌ಬರ್ಗ್ ಅವರೊಡನೆ ಸೇರಿ ಇದನ್ನು ಕಾದಂಬರಿಯಾಗಿ ಹಿಗ್ಗಿಸಲಾಯಿತು; ನನಗಂತೂ ಸಣ್ಣಕಥೆಯ ಬಿಗಿಯೇ ಮೇಲು. ಒಂದು ನಿಯಮವನ್ನು ಕಟ್ಟುವುದು, ಅದು ಎಲ್ಲಿ ಕುಸಿಯುತ್ತದೆಂದು ಹುಡುಕುವುದು ಅಸಿಮೋವ್ ಅವರ ಕ್ರಮ. 1942ರ ಕಥೆಯೊಂದರಲ್ಲಿ ಅವರು ಸ್ಪಷ್ಟವಾಗಿ ಬರೆದಿಟ್ಟ ರೋಬಾಟುಗಳ ಮೂರು ನಿಯಮಗಳನ್ನು ಇಂದಿಗೂ ಯಂತ್ರಬುದ್ಧಿಯ ಚರ್ಚೆಗಳಲ್ಲಿ ಉದ್ಧರಿಸುತ್ತಾರೆ. ಆ ನಿಯಮಗಳು ಸಾಲದೆ ಹೋಗುವ ಸಂದರ್ಭಗಳನ್ನೇ ಅವರು ಕಥೆಯ ಮೇಲೆ ಕಥೆಯಾಗಿ ಬರೆದರೆಂಬುದನ್ನು ಉದ್ಧರಿಸುವವರು ಮರೆಯುತ್ತಾರೆ.

ಮೋಕ್ಷವಾಗಿ ಸ್ನಾನ ಮುಗಿಸಿ ಒಲೆ ಹಚ್ಚಿದ ಅಮ್ಮನಿಗೆ ಕಥೆ ಹೇಳಿದೆ. “ಹಾಗಾದರೆ ಯಾರೂ ಉಳಿಯಲಿಲ್ಲವೇ?” ಎಂದು ಕೇಳಿದರು. ಸುಮಾರು 300 ಜನರನ್ನು ದಾಖಲೆಗಳ ಸಮೇತ ಅಡಗುತಾಣದಲ್ಲಿ ಇರಿಸಿದ್ದರು, ಮುಂದಿನವರಿಗೆ ತಿಳಿಯಲೆಂದು, ಎಂದೆ.

“ಸದ್ಯ, ಅವರ ಪಂಚಾಂಗವಾದರೂ ಉಳಿಯಿತಲ್ಲ” ಎಂದು ಅಮ್ಮ ಸಾರಿಗೆ ಬೇಳೆ ತೊಳೆಯತೊಡಗಿದರು.