ಆಂಗ್ಯುಲರ್‌ಜೆಎಸ್ ಒಳಗಿನ ರಿಯಾಕ್ಟ್: ಅನ್‌ಮೌಂಟ್ ಯಾರ ಕೆಲಸ?

2025 ಮಾರ್ಚ್ 11, ಮಂಗಳವಾರ

ವೆಬ್ ಪುಟ ಕಟ್ಟುವ ಹಳೇ ಜಾವಾಸ್ಕ್ರಿಪ್ಟ್ ಚೌಕಟ್ಟು ಆಂಗ್ಯುಲರ್‌ಜೆಎಸ್‌ನ ಪುಟಗಳನ್ನು ಒಂದೊಂದಾಗಿ ರಿಯಾಕ್ಟ್ ಲೈಬ್ರರಿಗೆ ತರುವಾಗ ಕಾಂಪೊನೆಂಟ್ (ಪುಟದ ಒಂದು ತುಣುಕು) ತೆರೆಯುವ ಕೋಡ್ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಬಿಟ್ಟುಹೋಗುವುದು ಅದನ್ನು ಮುಚ್ಚುವ, ಅಂದರೆ ಅನ್‌ಮೌಂಟ್ ಮಾಡುವ ಕೋಡು. ಎನ್‌ಜಿ-ಇಫ್ (ಪುಟದ ಭಾಗವನ್ನು ಇಡಬೇಕೇ ಎಂಬ ಷರತ್ತು) ಫಾಲ್ಸ್ ಆದ ಕೂಡಲೇ ಆಂಗ್ಯುಲರ್‌ಜೆಎಸ್ ಕಾಂಪೊನೆಂಟ್ ಕೂತಿರುವ ಡಿವ್ ಎಲಿಮೆಂಟನ್ನು ಕಿತ್ತುಹಾಕುತ್ತದೆ. ಒಳಗಿದ್ದ ರಿಯಾಕ್ಟ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಯೂಸ್‌ಎಫೆಕ್ಟ್‌ನ ಕ್ಲೀನಪ್, ಅಂದರೆ ಮುಚ್ಚುವಾಗ ಓಡಬೇಕಾದ ಕೋಡು, ಓಡುವುದಿಲ್ಲ. ಸೆಟ್‌ಇಂಟರ್ವಲ್ ಟೈಮರ್ ಸರ್ವರ್‌ಗೆ ರಿಕ್ವೆಸ್ಟ್ ಕಳಿಸುತ್ತಲೇ ಇರುತ್ತದೆ. ಪೋರ್ಟಲ್ ಮೂಲಕ, ಅಂದರೆ ಆ ಡಿವ್‌ನ ಹೊರಗೆ, ತೆರೆದ ಮೋಡಲ್ ಕಿಟಕಿ ಅಂತೂ ಪುಟ ಬದಲಾದರೂ ಅಲ್ಲೇ ಕೂತಿರುತ್ತದೆ.

ರಿಯಾಕ್ಟ್‌ನ ಕ್ರಿಯೇಟ್‌ರೂಟ್ ಕರೆದು ಡಿವ್‌ನಲ್ಲಿ ರೂಟ್ (ಕಾಂಪೊನೆಂಟಿನ ಬುಡ) ಮಾಡಿದ ಡೈರೆಕ್ಟಿವ್ವೇ (ಎಲಿಮೆಂಟಿಗೆ ಅಂಟಿಸಿದ ಆಂಗ್ಯುಲರ್‌ಜೆಎಸ್ ಕೋಡು) ಆ ರೂಟನ್ನು ಹಿಡಿದಿಟ್ಟುಕೊಂಡು, ಡೆಸ್ಟ್ರಾಯ್ ಈವೆಂಟ್ ಬಂದಾಗ ಅದರ ಅನ್‌ಮೌಂಟ್ ಕರೆಯಬೇಕು. 2022ರಲ್ಲಿ ರಿಯಾಕ್ಟ್ 18 ಬರುವ ಮೊದಲು ಅನ್‌ಮೌಂಟ್‌ಕಾಂಪೊನೆಂಟ್‌ಅಟ್‌ನೋಡ್ ಎಂಬ ಫಂಕ್ಷನ್‌ಗೆ ಡಿವ್ ಕೊಟ್ಟರೆ ಸಾಕಿತ್ತು. 19ರಲ್ಲಿ ಅದನ್ನು ತೆಗೆದೇಬಿಟ್ಟಿದ್ದಾರೆ.

ಡೆಸ್ಟ್ರಾಯ್‌ಗಳು ಎರಡಿವೆ: ಸ್ಕೋಪ್‌ನದ್ದು (ಆಂಗ್ಯುಲರ್‌ಜೆಎಸ್ ಡೇಟಾ ಇಡುವ ಜಾಗ), ಎಲಿಮೆಂಟ್‌ನದ್ದು (ಆ ಡಿವ್). ಎನ್‌ಜಿ-ಇಫ್ ಮೊದಲು ಸ್ಕೋಪ್ ಮುಗಿಸಿ, ಆಮೇಲೆ ಲೀವ್ ಅನಿಮೇಷನ್ ಶುರುಮಾಡುತ್ತದೆ. ಹಾಗಾಗಿ ಅನ್‌ಮೌಂಟನ್ನು ಸ್ಕೋಪ್‌ಗೆ ಕಟ್ಟಿದರೆ ಒಳಗಿನದೆಲ್ಲ ತಟ್ಟನೆ ಮಾಯವಾಗಿ, ಖಾಲಿ ಡಿವ್ ಮಾತ್ರ ನಿಧಾನಕ್ಕೆ ಮಸುಕಾಗುತ್ತದೆ. ಎಲಿಮೆಂಟ್‌ನ ಡೆಸ್ಟ್ರಾಯ್ ಬರುವುದು ಅನಿಮೇಷನ್ ಮುಗಿದು ಡಿವ್ ಹೋಗುವಾಗ. ಬೇರೆ ಕೋಡು ಜೆಕ್ವೆರಿ ಲೈಬ್ರರಿಯ ರಿಮೂವ್ ಕರೆದಾಗಲೂ ಬರುತ್ತದೆ. ನನ್ನ ಮತ ಎಲಿಮೆಂಟ್‌ನದ್ದಕ್ಕೇ. ಆದರೆ ಯಾರಾದರೂ ನೇರವಾಗಿ ಇನ್ನರ್‌ಎಚ್‌ಟಿಎಂಎಲ್ (ಎಲಿಮೆಂಟಿನ ಒಳಗಿನದು) ಖಾಲಿ ಮಾಡಿದರೆ ಎರಡೂ ಬರುವುದಿಲ್ಲ. ಅಂಥ ಸಾಲುಗಳನ್ನು ಹುಡುಕಿ ತೆಗೆಯಲೇಬೇಕು, ಬೇರೆ ದಾರಿಯಿಲ್ಲ.

ಸ್ಕೋಪ್‌ನ ಬದಲಾವಣೆ ಗಮನಿಸುವ ವಾಚ್ ತಿರುಗಿ ಕೊಡುವ, ಆ ವಾಚನ್ನೇ ನಿಲ್ಲಿಸುವ ಫಂಕ್ಷನ್ನನ್ನೂ ಅನ್‌ಮೌಂಟ್‌ಗೆ ಮುಂಚೆಯೇ ಕರೆದುಬಿಡಿ. ಎಲಿಮೆಂಟ್ ಹೋಗಿ ಸ್ಕೋಪ್ ಉಳಿದಿದ್ದರೆ ಮುಂದಿನ ಡೈಜೆಸ್ಟ್‌ನಲ್ಲಿ (ಆಂಗ್ಯುಲರ್‌ಜೆಎಸ್ ಬದಲಾವಣೆ ಹುಡುಕುವ ಸುತ್ತು) ವಾಚ್ ಮತ್ತೆ ರೆಂಡರ್ ಕರೆಯಬಹುದು. ಅನ್‌ಮೌಂಟ್ ಆದ ರೂಟ್‌ನಲ್ಲಿ ರೆಂಡರ್ ಕರೆದರೆ ರಿಯಾಕ್ಟ್ ಎರರ್ ಎಸೆಯುತ್ತದೆ. ಇನ್ನೊಂದು ತೊಡಕು: ರಿಯಾಕ್ಟ್‌ನ ಎಫೆಕ್ಟ್ ಒಳಗಿಂದಲೇ ಡೈಜೆಸ್ಟ್ ಓಡಿಸಿ, ಅದರಿಂದ ಎನ್‌ಜಿ-ಇಫ್ ಫಾಲ್ಸ್ ಆದರೆ, ರೆಂಡರ್ ನಡೆಯುವಾಗಲೇ ರೂಟ್ ಅನ್‌ಮೌಂಟ್ ಮಾಡುತ್ತಿದ್ದೀರಿ ಎಂಬ ಎಚ್ಚರಿಕೆ ಕನ್ಸೋಲ್‌ನಲ್ಲಿ ಬೀಳುತ್ತದೆ. ಅನ್‌ಮೌಂಟನ್ನು 0 ಮಿಲಿಸೆಕೆಂಡಿನ ಸೆಟ್‌ಟೈಮ್‌ಔಟ್‌ಗೆ ಹಾಕಿದರೆ ನಿಲ್ಲುತ್ತದೆ.

ತಲೆಕೆಳಗಾದ ಪ್ರಕರಣವೂ ಇದೆ, ರಿಯಾಕ್ಟ್ ಒಳಗೆ ಸೆಲೆಕ್ಟ್2 (ಡ್ರಾಪ್‌ಡೌನ್ ಪಟ್ಟಿ) ಥರದ ಜೆಕ್ವೆರಿ ಪ್ಲಗಿನ್. ಅದಕ್ಕೆ ಪ್ರತ್ಯೇಕ ಡಿವ್ ಕೊಟ್ಟು, ಎಫೆಕ್ಟ್‌ನ ಕ್ಲೀನಪ್‌ನಲ್ಲಿ ನಾವು ಕಟ್ಟಿದ ಈವೆಂಟುಗಳನ್ನು ಆಫ್ ಮಾಡಿ ಪ್ಲಗಿನ್‌ನ ಡೆಸ್ಟ್ರಾಯ್ ಕರೆಯಬೇಕು.

ಪರೀಕ್ಷಿಸಲು ಕ್ರೋಮ್‌ನ ಮೆಮೊರಿ ಟ್ಯಾಬ್ ಸಾಕು. ಒಂದು ಹೀಪ್ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಮೆಮೊರಿಯ ಚಿತ್ರ) ತೆಗೆದು, ಪುಟವನ್ನು 10 ಸಲ ತೆರೆದು ಮುಚ್ಚಿ, ಇನ್ನೊಂದು ತೆಗೆಯಿರಿ. ಫಿಲ್ಟರ್‌ನಲ್ಲಿ ಡಿಟ್ಯಾಚ್ಡ್ (ಪುಟದಿಂದ ಕಳಚಿಯೂ ಮೆಮೊರಿಯಲ್ಲಿ ಉಳಿದವು) ಎಂದು ಹಾಕಿದಾಗ ಎಲಿಮೆಂಟುಗಳ ಲೆಕ್ಕ ಹತ್ತರ ಪಟ್ಟಿನಲ್ಲಿ ಏರಿದ್ದರೆ, ಕೆಳಗಿನ ರಿಟೇನರ್ಸ್ ಭಾಗದಲ್ಲಿ ಅವನ್ನು ಹಿಡಿದಿಟ್ಟಿರುವ ಲಿಸನರ್ ಅಥವಾ ಟೈಮರ್‌ನ ಜಾಡು ಸಿಗುತ್ತದೆ.